ಕೊಂಡಿ ಹಾಕಾಕಿಯ ಪ್ರಾರ್ಥನಿ

ನಾ ಪ್ರಾರ್ಥನಿ ಮಾಡಾಕ ಎದ್ದು ನಿಂತ್ನಿ ಅಂದ್ರ ಇಳಕಲ್ಲಿನ ನಮ್ಮ ಸಭೆಯೊಳಗ ಹೆಣ್ಮಕ್ಕಳು ಕಣ್ಣೀರು ಒರಸ್ಕೋತಿದ್ರು. ಸುಳ್ಳು ಹೇಳಂಗಿಲ್ಲ, ಒಂದು ಕಣ್ಣು ಅರ್ಧಾ ತಗದು ಯಾರ್‍ಯಾರು ಅಳಾಕತ್ತಾರ ಅಂತ ನಾ ನೋಡ್ತಿದ್ದೆ. ಯಾರೂ ಅಳಲಿಲ್ಲ ಅಂದ್ರ ಇನ್ನೊಂದೀಟು ಬೆಳಸ್ತಿದ್ದೆ. ರೋಗಿಗಳ ಸಲುವಾಗಿ, ದಾರಿ ನಡಿಯೋರ ಸಲುವಾಗಿ, ದೊರಿಗಳ ಸಲುವಾಗಿ, ಕಡೀಕ ಪಾಪಿಷ್ಠಳಾದ ನನ್ನ ಸಲುವಾಗಿ. ಆ ಪಾಪಿಷ್ಠಳು ಅನ್ನೋ ಶಬ್ದ ಎಷ್ಟು ಚಂದ ಅಂತಿದ್ದೆ ಅಂದ್ರ, ಅದನ್ನ ಕೇಳಾಕಂತನ ಜನ ಬರ್ತಾರ ಅಂತ ನನ್ನ ನಂಬಿಕಿ. ಈಗ ನೆನಸ್ಕೊಂಡ್ರ ಮೈಯೆಲ್ಲಾ ಮುಳ್ಳು ಏಳತೈತಿ.

ನಾ ಯಾರಂತ ಮೊದಲ ಹೇಳಿಬಿಡ್ತೇನಿ. ದೊಡ್ಡ ಬರದಾಗ ಹುನಗುಂದದ ಹಾದಿ ಮ್ಯಾಲ ಸಿಕ್ಕ ಕೂಸು ನಾ. ಹೆತ್ತಾಕಿ ಯಾರು, ಹೆಸರೇನು, ಏನೂ ಗೊತ್ತಿಲ್ಲ. ಮಿಶನ್ನಿನವರ ಅನಾಥ ಹುಡಿಗ್ಯಾರ ಸಾಲಿಯೊಳಗ ಬೆಳದೆ. ಅಲ್ಲಿ ಓದು ಕಲಸಿದ್ರು, ಹೊಲಿಗಿ ಕಲಸಿದ್ರು, ಗಟ್ಟಿ ದನೀಲೆ ಪ್ರಾರ್ಥನಿ ಮಾಡೋದು ಕಲಸಿದ್ರು. ಚಂದ ಮಾಡಿದಾಕಿಗೆ ಬೆಲ್ಲದ ತುಣುಕು ಕೊಡ್ತಿದ್ರು. ಬೆಲ್ಲ ಭಾಳ ತಿಂದಾಕಿ ನಾನ. ಮುಂದ ಬಾದಾಮಿಯೊಳಗ ಸಾಲಿ ಮಾಸ್ತರಗ ಕೊಟ್ಟು ಲಗ್ನ ಮಾಡಿದ್ರು. ಒಳ್ಳೆ ಮನಶ್ಯಾ, ಎರಡು ಮಾತಿಗೆ ಒಂದು ಮಾತು ಆಡಾಂವ. ಎರಡನೇ ವರ್ಷಕ್ಕ ವಾಂತಿಭೇದಿಗೆ ಹೋದ. ಮಕ್ಕಳಾಗಿರಲಿಲ್ಲ. ಆಮ್ಯಾಲ ಮಿಶನ್ನಿನವರು ನನ್ನ ಬೈಬಲ್ ಬಾಯಿ ಮಾಡಿ ಇಳಕಲ್ಲಿಗೆ ಕಳಿಸಿದ್ರು. ಮನಿ ಮನಿಗೆ ಹೋಗಿ ಹೆಂಗಸರಿಗೆ ಓದಿ ಹೇಳೋದು, ಹೊಸಬರಿಗೆ ಪಾಠ ಕಲಸೋದು ನನ್ನ ಕೆಲಸ. ಎಲ್ಲಾರೂ ಬಾಯಾರ, ಬಾಯಾರ ಅಂತಿದ್ರು. ಪ್ರಾರ್ಥನಿ ಮಂದಿರದ ಮಗ್ಗಲಕ ಒಂದು ಖೋಲಿ ಕೊಟ್ಟಿದ್ರು.

ಮಂದಿ ನಡುವ ಇದ್ದಾಗ ನಾ ರಾಣಿ. ಆದಿತ್ಯವಾರ ಪ್ರಾರ್ಥನಿ ಮುಗೀತು, ಎಲ್ಲಾರೂ ಚಪ್ಪಲಿ ಮೆಟ್ಕೊಂಡು ತಮ್ಮ ತಮ್ಮ ಮನಿಗೆ ಹೋದ್ರು ಅಂದ್ರ ಚಾಪಿ ಸುತ್ತಿಡಾಕ ನಾನೊಬ್ಬಾಕಿ. ಒಂದ ರೊಟ್ಟಿ ಬಡಿಯಾಕ ಒಲಿ ಹಚ್ಚೋದಂದ್ರ ಎಂಥಾ ಬ್ಯಾಸರಾ ಅಂತ ಒಬ್ಬಂಟಿಯಾಗಿದ್ದವರಿಗೇ ಗೊತ್ತು. ಎಷ್ಟೋ ದಿನ ಹಿಂದಿನ ದಿನದ ತಂಗಳಾನ ತಿಂದೇನಿ. ನನ್ನ ಪ್ರಾರ್ಥನಿ ಕೇಳಿ ಅತ್ತವರೊಳಗ ಒಬ್ಬರೂ ಬಾರವ್ವಾ, ನಮ್ಮಲ್ಲೆ ಉಣ್ಣು ಅನ್ನಲಿಲ್ಲ. ಬಾಯಿ ಜೋರಿದ್ದಾಕಿನ್ನ ಊಟಕ್ಕ ಯಾರು ಕರೀತಾರ?

ಅಂಥಾದ್ರಾಗ ಒಂದಿನ ಮುಂಜಾನೆ ಒಬ್ಬಾಕಿ ಮುದುಕಿ ನನ್ನ ಹೊಚ್ಚಲಕ್ಕ ಬಂದು ಕುಂತ್ಳು. ನೇಕಾರ ಓಣ್ಯಾಗ ಕೊಂಡಿ ಹಾಕಾಕಿ. ನಮ್ಮ ಕಡೆ ಸೀರಿ ಒಡಲು ಬ್ಯಾರೆ, ಸೆರಗು ಬ್ಯಾರೆ. ಒಡಲಿಗೆ ಹತ್ತಿ ನೂಲು, ಸೆರಗಿಗೆ ಕೆಂಪು ರೇಷ್ಮಿ. ಮಗ್ಗಕ್ಕ ಏರಸೋದಕ್ಕಿಂತ ಮೊದಲ ಎರಡರ ಎಳಿಗಳನ್ನ ಒಂದೊಂದ ತಗೊಂಡು ಕೊಂಡಿಯೊಳಗ ಕೊಂಡಿ ಹಾಕಿ ಕೂಡಸಬೇಕು. ಸಾವಿರಾರು ಎಳಿ. ಆ ಕೆಲಸಾನ ಈ ಮುದುಕಿ ಸಣ್ಣಾಕಿ ಇದ್ದಾಗಿಂದ ಮಾಡ್ಕೊಂತ ಬಂದಿದ್ಳು. ಗಂಡ ಸತ್ತು ಭಾಳ ವರ್ಷಾಗಿತ್ತು. ಇದ್ದಾಕಿ ಒಬ್ಬಾಕಿನ ಮಗಳು. ಆಕಿ ನಮ್ಮ ಸಭೆಯ ನೇಕಾರ ಹುಡಗನ್ನ ಲಗ್ನಾಗಿ, ದೀಕ್ಷಾಸ್ನಾನ ತಗೊಂಡು, ಚೊಚ್ಚಲ ಬಾಣಂತನದಾಗ ಕೂಸಿನ ಕೂಡ ತೀರಿಕೊಂಡಿದ್ಳು. ಹುನಗುಂದದ ಹಾದಿಗೆ ನಮ್ಮ ಸಭೆಯ ಸಮಾಧಿ ಜಾಗಾ ಐತಿ, ಅಲ್ಲೆ ಬೇವಿನ ಗಿಡದ ಬುಡಕ ಮಣ್ಣು ಮಾಡಿದ್ರು. ಅಳಿಯ ಮುಂಬೈ ಗಿರಣಿಗೆ ಹೋದಾಂವ ತಿರುಗಿ ಬರಲಿಲ್ಲ.

ಮುದುಕಿ ಸುತ್ತು ಬಳಸು ಮಾತಾಡಾಕಿ ಅಲ್ಲ.

"ಯವ್ವಾ, ನನ್ನ ಮಗಳ ಮಗ್ಗಲಕ ನನ್ನ ಮಣ್ಣು ಮಾಡಬೇಕು. ಅದಕ್ಕ ಏನ್ ಮಾಡಬೇಕು ಹೇಳು."

ನನಗ ಸರ್ರಂತ ಸಿಟ್ಟು ಬಂತು. "ಅದು ದೀಕ್ಷಾಸ್ನಾನ ಆದವರ ಜಾಗಾ. ದೀಕ್ಷಾಸ್ನಾನ ಅಂದ್ರ ಮಣ್ಣಿನ ಸಲುವಾಗಿ ಕೊಡೋದಲ್ಲ. ನಂಬಿಕಿ ಬೇಕು. ಪಾಠ ಕಲೀಬೇಕು. ಎಲ್ಲಾರ ಮುಂದ ನಿಂತು ನಿನ್ನ ಸ್ವಂತ ಮಾತಿನಾಗ ಪ್ರಾರ್ಥನಿ ಮಾಡಬೇಕು. ಪಾದ್ರಿ ಸಾಹೇಬ್ರು ಕೇಳಿ ಹೌದಂದ್ರ ಆತು, ಇಲ್ಲಂದ್ರ ಇಲ್ಲ."

"ಆತು. ಕಲಸು," ಅಂದ್ಳು.

ದಿನಾ ಮುಂಜಾನೆ ಬರ್ತಿದ್ಳು. ಕರ್ತನು ಕಲಸಿದ ಪ್ರಾರ್ಥನಿ ಮೊದಲ ಪಾಠ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಸುರುವಾಗೋದು. ಆರು ವರ್ಷದ ಕೂಸು ನಾಕು ದಿನದಾಗ ಬಾಯಿಪಾಠ ಮಾಡತೈತಿ. ಈಕಿ 'ತಂದೆ' ಅನ್ನೋ ಶಬ್ದಕ್ಕ ಬಂದು ನಿಂತುಬಿಡ್ತಿದ್ಳು. ಕಣ್ಣು ಮುಚ್ಚಿ, ಕೈ ತೊಡಿ ಮ್ಯಾಲಿಟ್ಟು ಸುಮ್ನ ಕೂಡ್ತಿದ್ಳು. ನಾ ಒಂದೀಟು ಕಾಯ್ತಿದ್ದೆ.

"ಮುಂದ?"

"ಮುಂದ ಹೋಗಾಕ ಮನಸಾಗವಲ್ದವ್ವಾ."

"ಮರತಿ ಅಂತ ಹೇಳು. ಆಟ ಹಚ್ಚೀಯೇನು ನನ್ನ ಕೂಡ?"

"ಮರತಿಲ್ಲ. ಅಲ್ಲೇ ತಡೀತೈತಿ."

ಒಂದಿನ ಅಲ್ಲ, ಎರಡು ದಿನ ಅಲ್ಲ. ಸುಗ್ಗಿ ಮುಗದು ಬಿಸಲು ಏರೂತನಾ ಇದ ಕತಿ. ನಾ ಚೀರಾಡಿದೆ, ಪುಸ್ತಕ ಬಡದೆ, ನಿನ್ನ ತಲ್ಯಾಗ ಏನ್ ನೂಲಿನ ಉಂಡಿ ಐತೇನು ಅಂದೆ. ಆಕಿ ನಕ್ಕು, ಇದ್ದರೂ ಇರಬೇಕವ್ವಾ ಅಂದು ಎದ್ದು ಹೋಗ್ತಿದ್ಳು. ಮರುದಿನ ಮತ್ತ ಹಾಜರ. ಆಕಿ ಬರೋದು ತಡಾ ಆತಂದ್ರ ನಾ ಬಾಗಲಾ ನೋಡ್ತಿದ್ದೆ. ಆದ್ರ ಅದನ್ನ ಆಕಿಗೆ ತೋರಸಲಿಲ್ಲ.

ಪಾದ್ರಿ ಸಾಹೇಬ್ರು ಬಾಗಲಕೋಟಿಯಿಂದ ಮೂರು ತಿಂಗಳಿಗೊಮ್ಮೆ ಟಾಂಗಾ ಕಟ್ಟಿಸ್ಕೊಂಡು ಬರ್ತಿದ್ರು. ಪರದೇಶದವರು, ಕನ್ನಡ ಪುಸ್ತಕದಾಗ ಬರದಂಗ ಮಾತಾಡಾವ್ರು. ಆ ಸಲ ಮಳಿಗಾಲಕ್ಕಿಂತ ಮೊದಲ ಬಂದ್ರು. ದೀಕ್ಷಾಸ್ನಾನ ಕೇಳಿದವರ ಮನಿಗೆ ಹೋಗಿ ಸ್ವತಃ ನೋಡಿ ಮಾತಾಡಸೋದು ಅವರ ಪದ್ಧತಿ. ನಾ ಮುದುಕಿಗೆ ಹೇಳಿರಲಿಲ್ಲ, ಎಂದು ಬರ್ತಾರ ಅಂತ ನನಗೂ ಗೊತ್ತಿರಲಿಲ್ಲ. ಸಾಹೇಬ್ರನ್ನ ಕರಕೊಂಡು ಆಕಿ ಮನಿಗೆ ಹೋದೆ. ಓಣಿ ಮಂದಿ ಎಲ್ಲಾ ಬಾಗಲದಾಗ ನಿಂತು ನೋಡಾಕತ್ತಿದ್ರು. ನನಗೂ ಒಂದೀಟು ಡೌಲು.

ಮುದುಕಿ ಕಿಟಕಿ ಬೆಳಕಿಗೆ ಕುಂತಿದ್ಳು. ಮುಂದ ಬಿಳಿ ಎಳಿ, ಕೆಂಪು ಎಳಿ ಬಿಗದು ಕಟ್ಟಿತ್ತು. ಬೆರಳು ಆಡಾಕತ್ತಿದ್ವು.

"ಅವ್ವಾ, ಸಾಹೇಬ್ರು ಬಂದಾರ. ಏಳು," ಅಂದೆ.

ತಲಿ ಎತ್ತಲಿಲ್ಲ.

"ನಿನಗ ಹೇಳಾಕತ್ತೇನಿ!"

ಇಲ್ಲ. ಕೇಳಿಸಿತು ಅಂತ ಒಂದು ಹೂಂ ಸೈತ ಇಲ್ಲ. ಸಾಹೇಬ್ರು ಟೊಪಿಗಿ ಕೈಯಾಗ ಹಿಡಕೊಂಡು ನಿಂತಾರ, ಓಣಿ ಮಂದಿ ಕಿಸಿಕಿಸಿ ನಗಾಕತ್ತಾರ, ಈಕಿ ಮಾತ್ರ ಎಳಿ ಹಿಡಿಯೋದು, ಸಿಗಸೋದು. ನನ್ನ ಮಾರಿ ಕೆಂಪಗಾತು. ಭಾಳ ಹೊತ್ತು ನಿಂತು ನಿಂತು ಸಾಹೇಬ್ರು ಹೊರಗ ನಡದ್ರು. ಹೋಗ್ತಾ ನನ್ನ ಕೇಳಿದ್ರು: "ಈ ಸ್ತ್ರೀಯು ಪ್ರಾರ್ಥನೆ ಮಾಡುವಳೋ?"

"ಇಲ್ರಿ," ಅಂದೆ. "ಬಾಯಿ ಬಿಡಂಗಿಲ್ಲ. ಪ್ರಾರ್ಥನಿ ಅಂದ್ರ ಏನಂತ ಆಕಿಗೆ ಗೊತ್ತಿಲ್ಲ. ಗರ್ವ ಭಾಳ ಐತ್ರಿ."

ಅವರು ಹೌದಂದು ಗೋಣು ಹಾಕಿ, ಕಿಸೆಯಿಂದ ದಫ್ತರ ತಗದು ನಿಂತಲ್ಲೇ ಬರಕೊಂಡ್ರು. ನಿನ್ನಂಥಾಕಿ ಇಲ್ಲಿರೋದು ಈ ಸಭೆಯ ಭಾಗ್ಯ ಅನ್ನೋ ಅರ್ಥದ್ದೊಂದು ಮಾತು ನನಗ ಹೇಳಿದ್ರು. ನಾ ಉಬ್ಬಿದೆ.

ಅವರು ಟಾಂಗಾದ ಕಡೆ ನಡದಿದ್ರು. ಮಗ್ಗಲ ಮನಿಯಾಕಿ, ನೂಲಿಗೆ ಬಣ್ಣ ಹಾಕೋ ಮುಸಲ್ಮಾನರ ಹೆಣ್ಮಗಳು, ಬಾಗಲದಾಗ ನಿಂತಿದ್ದಾಕಿ ನನ್ನ ಮ್ಯಾಲ ಹರಿಹಾಯ್ದಳು.

"ಏನ್ರಿ ಬಾಯಾರ, ಅಕಲ್ ಐತೋ ಇಲ್ಲೋ ನಿಮಗ? ಕೊಂಡಿಗೆ ಕುಂತಾಕಿನ್ನ ಯಾರರೆ ಮಾತಾಡಸ್ತಾರೇನ್ರಿ? ಅರ್ಧಕ್ಕ ಬಾಯಿ ತಗದು ಮಾತಾಡಿದ್ಲು ಅಂದ್ರ ಎಳಿ ತಪ್ಪಿ ಹೋತು, ಮುಂಜಾನಿಂದ ಹಾಕಿದ್ದೆಲ್ಲಾ ಬಿಚ್ಚಬೇಕು. ಆಕಿ ಮನಿಗೆ ಬೆಂಕಿ ಬಿದ್ರೂ ಏಳಂಗಿಲ್ಲ. ಈ ಓಣ್ಯಾಗ ಸಣ್ಣ ಕೂಸಿಗೂ ಗೊತ್ತೈತಿ ಇದು."

ನಾ ಮಗ್ಗದ ಮನ್ಯಾಗ ಹುಟ್ಟಿದಾಕಿ ಅಲ್ಲ. ನನಗ ಗೊತ್ತಿರಲಿಲ್ಲ. ಅಲ್ಲೀತನಾ ಅದು ತಪ್ಪು ಅಷ್ಟ. ಸಾಹೇಬ್ರು ಇನ್ನೂ ಟಾಂಗಾ ಏರಿರಲಿಲ್ಲ. ಹತ್ತು ಹೆಜ್ಜಿ. ಓಡಿಹೋಗಿ, ನಾ ಹೇಳಿದ್ದು ತಪ್ಪಾತ್ರಿ, ಆಕಿ ಕೆಲಸದ ರೀತಿ ಹಂಗೈತ್ರಿ ಅಂತ ಹೇಳಿದ್ರ ಮುಗೀತಿತ್ತು. ಹೇಳಲಿಲ್ಲ. ಈಗಷ್ಟ ನನ್ನ ಹೊಗಳಿದ ಮನಶ್ಯಾನ ಮುಂದ ಹೋಗಿ ನಾ ದಡ್ಡಿ ಅಂತ ಹೆಂಗ ಹೇಳ್ಲಿ? ಟಾಂಗಾ ಹೋತು. ಆ ಹತ್ತು ಹೆಜ್ಜಿ ನಾ ಇವತ್ತಿಗೂ ದಿನಾ ನಡೀತೇನಿ.

ಸಂಜಿಮುಂದ ಮುದುಕಿ ಓಡಿಕೋತ ಬಂದ್ಳು. "ಸಾಹೇಬ್ರು ಎಲ್ಲದಾರವ್ವಾ? ಕೊಂಡಿ ಮುಗೀತು."

"ಹೋದ್ರು," ಅಂದೆ. "ಮುಂದಿನ ಸಲ ನೋಡೂಣು ಅಂದಾರ."

"ಆತು," ಅಂದ್ಳು.

ಆ ಮುಂದಿನ ಸಲ ಲಗೂನ ಬರಲಿಲ್ಲ. ಮಳಿ ಹಿಡದು ಮಲಾಪಹಾರಿ ಹೊಳಿ ತುಂಬಿತು, ಬಾಗಲಕೋಟಿ ಕಡೆ ಹಾದಿ ಬಂದಾತು. ಹೊಳಿ ಇಳೀತು ಅನ್ನೋದ್ರಾಗ ಊರಾಗ ಇಲಿ ಬಿದ್ದು ಪ್ಲೇಗ್ ಸುರುವಾತು. ಮಂದಿ ಮನಿಗೆ ಕೀಲಿ ಹಾಕಿ ಹೊಲಕ್ಕ ಹೋಗಿ ಜ್ವಾಳದ ಕಣಿಕಿ ಗುಡಸಲಾ ಹಾಕ್ಕೊಂಡ್ರು. ನಮ್ಮ ಸಭೆಯವರು ಗುಳೇದಗುಡ್ಡಕ್ಕ, ಬಾಗಲಕೋಟಿಗೆ, ಬೀಗರು ಬಿಜ್ಜರು ಇದ್ದಲ್ಲೆ ಹೋದ್ರು. ಚಕ್ಕಡಿ ಕಟ್ಟೋವಾಗ ನಾ ಮಂದಿರದ ಮುಂದ ನಿಂತಿದ್ದೆ. ನಮ್ಮ ಸಲುವಾಗಿ ಪ್ರಾರ್ಥನಿ ಮಾಡ್ರಿ ಬಾಯಾರ ಅಂತ ಎಲ್ಲಾರೂ ಅಂದ್ರು. ನೀವೂ ಬರ್ರಿ ಅಂತ ಒಬ್ಬರೂ ಅನ್ನಲಿಲ್ಲ.

ನನಗ ಹೊಲದ ದಂಡಿಗೊಂದು ಗುಡಸಲಾ ಸಿಕ್ಕಿತು. ಸಭೆ ಇಲ್ಲ, ಪಾಠ ಇಲ್ಲ, ಮನಿ ಮನಿ ತಿರಗಾಟ ಇಲ್ಲ. ಆದ್ರೂ ನಾ ಮುಂಜಾನೆ ಮೊಣಕಾಲೂರಿ ಗಟ್ಟಿ ದನೀಲೆ ಪ್ರಾರ್ಥನಿ ಮಾಡ್ತಿದ್ದೆ, ರೂಢಿ ಬಿಡಬಾರದಂತ. ಹತ್ತು ದಿನ ಆಗಿರಬೇಕು. ಮಾಡ್ತಾ ಮಾಡ್ತಾ ನಡುವ ತಡದು ನಿಂತೆ. ಯಾಕ ನಿಂತೆ ಅಂತ ನನಗ ತಿಳೀಲಿಲ್ಲ. ಮತ್ತ ಸುರು ಮಾಡಿದೆ, ಮತ್ತ ನಿಂತೆ. ಆವಾಗ ಹೊಳೀತು. ಜನ ಆಮೆನ್ ಅನ್ನೋ ಜಾಗಾದಾಗ ನಿಂತಿದ್ದೆ ನಾ. ಅವರು ಅನ್ನಲಿ ಅಂತ ಕಾಯಾಕತ್ತಿದ್ದೆ.

ಯಪ್ಪಾ, ಆ ಹೊತ್ತು! ಕಣಿಕಿ ಮ್ಯಾಲ ಎರಡು ಬೆಳವದ ಹಕ್ಕಿ ಗುಮ್ಮುಗುಟ್ಟತಿದ್ವು, ಅಷ್ಟ. ಇಷ್ಟು ವರ್ಷ ನಾ ದೇವರ ಕೂಡ ಮಾತಾಡಿರಲೇ ಇಲ್ಲ. ಕುಂತ ಮಂದಿ ಕೂಡ ಮಾತಾಡಿದ್ದೆ. ಮಂದಿ ಇಲ್ಲದಾಗ ಹೇಳಾಕ ನನ್ನ ಕಡೆ ಒಂದು ಮಾತೂ ಇರಲಿಲ್ಲ. ಮರುದಿನ ಬಾಯಿ ತಗದ್ರ ದನಿ ಹೊಂಡಲಿಲ್ಲ. ಅದರ ಮರುದಿನಾನೂ ಹಂಗ. ನನಗ ಹೆದರಿಕಿ ಆತು. ಗಂಡ ಸತ್ತಾಗ ಅತ್ತಿದ್ದಿಲ್ಲ ಅಷ್ಟು ಅತ್ತೆ. ನನಗಂತ ಇದ್ದಾಂವ ದೇವರೊಬ್ಬನ ಅನ್ಕೊಂಡಿದ್ದೆ, ಅವನ ಗುರ್ತೂ ನನಗಿಲ್ಲ ಅಂತ ಆತಲ್ಲ.

ಮುದುಕಿಯ ಗುಡಸಲಾ ಕೂಗಿದ್ರ ಕೇಳೋವಷ್ಟು ದೂರದಾಗ ಇತ್ತು, ನೇಕಾರರ ಕೂಡ. ನನ್ನ ಅಳು ಕೇಳಿತೋ ಏನೋ, ಒಂದಿನ ಮಧ್ಯಾಹ್ನ ಬಂದ್ಳು. ಅರಿವ್ಯಾಗ ಸುತ್ತಿದ ರೊಟ್ಟಿ, ಅದರ ಮ್ಯಾಲ ಖಾರಬ್ಯಾಳಿ. ಇಟ್ಳು. ಕುಂತ್ಳು. ಯಾಕ ಅಳ್ತಿ ಅಂತ ಕೇಳಲಿಲ್ಲ. ನಾ ತಿಂದೆ. ಆಕಿ ಕಣ್ಣು ಮುಚ್ಚಿ ಕುಂತ ಇದ್ಳು, ಹೊತ್ತು ಇಳಿಯೂತನಾ. ಎದ್ದು ಹೋದ್ಳು. ಮರುದಿನ ಮತ್ತ ಬಂದ್ಳು. ಮೂರನೇ ದಿನ ನನಗ ತಡಕೊಳ್ಳಾಕ ಆಗಲಿಲ್ಲ.

"ಏನ್ ಮಾಡ್ತೀಯವ್ವಾ ಹಿಂಗ ಸುಮ್ನ ಕುಂತು?"

"ತಂದೆ ಅಂತೀವಲ್ಲ, ಅಲ್ಲೆ ಇರ್ತೇನಿ."

"ಏನರೆ ಹೇಳಬೇಕಲ್ಲ ಅವಗ?"

ಆಕಿ ನನ್ನ ಕಡೆ ನೋಡಿದ್ಳು, ಇಷ್ಟು ಓದಿದಾಕಿ ಇದೇನು ಕೇಳ್ತಾಳ ಅನ್ನೋಹಂಗ. "ನೀ ಊರಾಗ ಎಲ್ಲಾರಿಗೂ ಕಾಗದ ಬರಕೊಡ್ತಿ. ದೂರ ಇದ್ದವರಿಗೆ ಬರೀತಿ. ನಾ ನಿನ್ನ ಮುಂದ ಕುಂತೇನಿ, ನನಗ ಕಾಗದ ಬರೀತೇನು?"

ಅವತ್ತಿಂದ ನಾನೂ ಆಕಿ ಮಗ್ಗಲಕ ಕಣ್ಣು ಮುಚ್ಚಿ ಕುಂತೆ. ಸುಮ್ನ ಕೂಡೋದು ಸಸಾರ ಅನ್ಕೊಂಡಿದ್ದೆ. ಮುಚ್ಚಿದ ಕೂಡ್ಲೆ ಹೆಗಲು ತುರಸ್ತಿತ್ತು. ಯಾರೋ ಎಂಟು ವರ್ಷದ ಹಿಂದ ಆಡಿದ ಚುಚ್ಚುಮಾತು ನೆನಪಾಗ್ತಿತ್ತು, ಅದಕ್ಕ ಕೊಡಬೇಕಾಗಿದ್ದ ಉತ್ತರ ಈಗ ತಯಾರಾಗ್ತಿತ್ತು. ಅದಕ್ಕಿಂತ ಖರಾಬು ಅಂದ್ರ, ಎಷ್ಟು ಚಂದ ಕುಂತೇನಿ ನೋಡು ಅಂತ ನನ್ನೊಳಗ ಒಬ್ಬಾಕಿ ನನ್ನ ನೋಡ್ತಿದ್ಳು. ಸಿಟ್ಟಿಗೆದ್ದು ನೆಲ ಬಡದೆ.

"ನನಗ ಆಗಂಗಿಲ್ಲವ್ವಾ. ಮನಸು ಜಾರಿ ಜಾರಿ ಹೋಗತೈತಿ."

"ಎಳೀನೂ ಜಾರತೈತಿ," ಅಂದ್ಳು. "ಜಾರಿದ ಎಳೀನ ಬೈಕೋತ ಕುಂತ್ರ ಕೊಂಡಿ ಬೀಳತೈತೇನು? ಮತ್ತ ಹಿಡಿಯೋದು. ಅಷ್ಟ."

ಹಂಗ ಎರಡು ತಿಂಗಳು ಆತು. ಒಂದೊಂದು ಮಧ್ಯಾಹ್ನ, ಒಂದೆರಡು ಉಸರಿನಷ್ಟು ಹೊತ್ತು, ನನ್ನೊಳಗಿನ ಗದ್ದಲ ನಿಲ್ತಿತ್ತು. ಅಲ್ಲಿ ಯಾರೋ ಇದ್ರು. ಇದ್ರು ಅಂತ ಮಾತ್ರ ಹೇಳಬಲ್ಲೆ. ನಾ ಎಷ್ಟು ಸಣ್ಣಾಕಿ ಅಂತ ಆವಾಗ ತಿಳೀತಿತ್ತು, ಆದ್ರ ಅದರಾಗ ನಾಚಿಕಿ ಇರಲಿಲ್ಲ. ಪಾಪಿಷ್ಠಳು ಅನ್ನೋ ಶಬ್ದ ಮತ್ತ ನನ್ನ ಬಾಯಿಗೆ ಬರಲಿಲ್ಲ.

ಒಂದಿನ ಎಲ್ಲಾ ಹೇಳಿಬಿಟ್ಟೆ. ಸಾಹೇಬ್ರಿಗೆ ನಾ ಏನ್ ಹೇಳಿದೆ, ಬಣ್ಣದವರಾಕಿ ಏನ್ ಬೈದ್ಳು, ಹತ್ತು ಹೆಜ್ಜಿ ಹೋಗದ ನಾ ಹೆಂಗ ನಿಂತೆ, ಎಲ್ಲಾ. ಬೈಲಿ, ನನ್ನ ಗುಡಸಲಾ ಬಿಟ್ಟು ಹೋಗಲಿ ಅಂತ ಮೈ ಬಿಗಿ ಹಿಡಕೊಂಡು ಕುಂತೆ.

ಮುದುಕಿ ಅಂದ್ಳು: "ನೀ ಹೇಳಿದ್ದು ಖರೇನ ಐತಲ್ಲವ್ವಾ. ನನಗ ಪ್ರಾರ್ಥನಿ ಬರಂಗಿಲ್ಲ. ಸಾಹೇಬ್ರು ಬರೂದ್ರಾಗ ಕಲಸು."

ಖರೆ ಹೇಳ್ತೇನಿ, ಮಾರಿಗೆ ಹೊಡದಿದ್ರ ಅಷ್ಟು ಬ್ಯಾನಿ ಆಗ್ತಿರಲಿಲ್ಲ. ಆಕಿ ಸೋಗು ಮಾಡಾಕತ್ತಿರಲಿಲ್ಲ. ಖರೇನ ತನಗೇನೂ ಬರಂಗಿಲ್ಲ ಅಂತ ತಿಳಕೊಂಡಿದ್ಳು. ನಾ ಮತ್ತ ಮೊದಲನೇ ಪಾಠ ಸುರು ಮಾಡಿದೆ. ಆಕಿ ಮತ್ತ ಅಲ್ಲೇ ನಿಂತ್ಳು. ಈ ಸಲ ನಾ ಮುಂದ ಅನ್ನಲಿಲ್ಲ.

ಥಂಡಿ ಕಳದು ಊರಾಗ ಪ್ಲೇಗ್ ತಣ್ಣಗಾತು, ಮಂದಿ ಮನಿಗೆ ತಿರುಗಿದ್ರು. ಆದ್ರ ಮುದುಕಿಗೆ ಕೆಮ್ಮು ಹತ್ತಿತ್ತು. ಪ್ಲೇಗ್ ಅಲ್ಲ, ಎದಿ ಸೋತಿತ್ತು. ನಾಕು ಹೆಜ್ಜಿ ನಡದ್ರ ಕುಂದ್ರತಿದ್ಳು. ಕೊಂಡಿ ಹಾಕೋ ಕೈ ನಡಗಾಕ ಹತ್ತಿದ್ವು. ಈ ಮಳಿಗಾಲ ದಾಟಂಗಿಲ್ಲ ಅಂತ ಓಣಿಗೆಲ್ಲಾ ಗೊತ್ತಾಗಿತ್ತು, ಆಕಿಗೂ ಗೊತ್ತಿತ್ತು. "ಸಾಹೇಬ್ರು ಯಾವಾಗ ಬರ್ತಾರ?" ಅಂತ ದಿನಾ ಕೇಳ್ತಿದ್ಳು. ಬಾಗಲಕೋಟಿಗೆ ನಾ ಮೂರು ಕಾಗದ ಬರದೆ.

ಹೋಳಿ ಹುಣ್ಣಿವಿ ಹತ್ರ ಬಂದಿತ್ತು, ಸಾಹೇಬ್ರು ಬಂದ್ರು. ಆದಿತ್ಯವಾರ ಮಂದಿರ ತುಂಬಿತ್ತು. ಮುದುಕಿನ್ನ ನಾನೂ ಬಣ್ಣದವರಾಕಿನೂ ಎರಡೂ ಕಡೆ ಹಿಡಕೊಂಡು ಬಂದ್ವಿ. ಬಣ್ಣದವರಾಕಿ ಬಾಗಲದಾಗ ನಿಂತ್ಳು. ಮುದುಕಿ ಹೆಣ್ಮಕ್ಕಳ ಚಾಪಿ ಮ್ಯಾಲ ಗ್ವಾಡಿಗೆ ಆತು ಕುಂತ್ಳು. ಸಾಹೇಬ್ರು ದಫ್ತರ ತಗದು ಓದಿದ್ರು: ಈ ಸ್ತ್ರೀಗೆ ಪ್ರಾರ್ಥನೆ ಬಾರದು, ನಮ್ರತೆ ಇಲ್ಲ. ತಲಿ ಎತ್ತಿ ನನ್ನ ನೋಡಿದ್ರು. "ಈಗ ಹೇಗಿದ್ದಾಳೆ?"

ಎದ್ದು ನಿಂತೆ. ಎಲ್ಲಾರೂ ನನ್ನ ದನಿ ಕೇಳಾಕ ತಯಾರಾಗಿ ಕುಂತ್ರು.

"ಸಾಹೇಬ್ರ, ಆ ಮಾತು ಸುಳ್ಳರಿ. ಆಕಿ ಅವತ್ತು ಕೊಂಡಿಗೆ ಕುಂತಿದ್ಳು, ಅದಕ್ಕ ಮಾತಾಡಲಿಲ್ಲ. ನೀವು ಟಾಂಗಾ ಏರೋದ್ರಾಗ ನನಗ ಅದು ತಿಳದಿತ್ತು. ಆದ್ರೂ ನಾ ಹೇಳಲಿಲ್ಲ. ನನ್ನ ಮಾನ ಹೋಗತೈತಿ ಅಂತ. ಆಕಿ ಪ್ರಾರ್ಥನಿ ಮಾಡ್ತಾಳ್ರಿ. ನನಗ ಬರಂಗಿಲ್ಲ, ಆಕಿಗೆ ಬರತೈತಿ."

ಸಾಹೇಬ್ರ ಮಾರಿ ಬಿಳಚಿತು. ಅವರು ಕೆಟ್ಟವರಲ್ಲ. ಆದ್ರ ಖರೆಯ ವಿಷಯದಾಗ ಕಬ್ಬಿಣದ ಹಂಗ ಇದ್ರು.

"ನೀವು ಅಂದು ಸುಳ್ಳು ಹೇಳಿದಿರಿ," ಅಂದ್ರು. "ಹತ್ತು ತಿಂಗಳು ಅದನ್ನು ಮುಚ್ಚಿಟ್ಟಿರಿ. ಇಂದು ಹೇಳುವುದು ಸತ್ಯವೆಂದು ನಾನು ಹೇಗೆ ನಂಬಲಿ? ಈಕೆಯ ಪರವಾಗಿ ನಿಮ್ಮ ಸಾಕ್ಷಿಯನ್ನು ಸ್ವೀಕರಿಸಲಾರೆ. ಸುಳ್ಳುಸಾಕ್ಷಿ ಹೇಳಿದವರು ಈ ಕೆಲಸದಲ್ಲಿ ಇರಲೂಬಾರದು. ಖೋಲಿಯನ್ನು ಬಿಟ್ಟುಕೊಡಿರಿ."

ಇದನ್ನ ನಾ ಎಣಿಸಿರಲಿಲ್ಲ. ನನ್ನ ಕೆಲಸ ಹೋಗತೈತಿ ಅಂತ ಗೊತ್ತಿತ್ತು, ಹೋಗಲಿ ಅಂತನ ಎದ್ದಿದ್ದೆ. ಆದ್ರ ಖರೆ ಹೇಳಿದ್ರ ಮುದುಕಿಗೆ ಜಾಗಾ ಸಿಗತೈತಿ ಅಂತ ನಂಬಿದ್ದೆ. ಈಗ ಖರೆ ಹೇಳಿದ್ದಕ್ಕನ ಆಕಿ ಹಾದಿ ಮುಚ್ಚಿತು. ಆಕಿ ಪರವಾಗಿ ಮಾತಾಡಾಕ ಇದ್ದಾಕಿ ನಾನೊಬ್ಬಾಕಿ, ನನ್ನ ಮಾತಿಗೆ ಕಿಮ್ಮತ್ತಿಲ್ಲ. ಮುಂದಿನ ಸಲ ಸಾಹೇಬ್ರು ಬರೂತನಾ ಆಕಿ ಇರಂಗಿಲ್ಲ. ಬಾಯಿ ತಗದೆ. ಇಷ್ಟು ವರ್ಷ ಮಳಿ ಸುರದಂಗ ಸುರಿತಿದ್ದ ಮಾತಿನಾಗ ಒಂದೂ ಬರಲಿಲ್ಲ.

ಆವಾಗ ಚಾಪಿ ಮ್ಯಾಲ ಸದ್ದಾತು. ಮುದುಕಿ ಗ್ವಾಡಿ ಹಿಡಕೊಂಡು ಎದ್ಳು. ಕೂತ ಹೆಣ್ಮಕ್ಕಳ ಹೆಗಲು ಹಿಡದು ಹಿಡದು ನಾ ನಿಂತಲ್ಲೆ ಬಂದ್ಳು. ಸಾಹೇಬ್ರ ಕಡೆ ನೋಡಲಿಲ್ಲ. ನನ್ನ ಕೈ ಹಿಡದ್ಳು. ಕಣ್ಣು ಮುಚ್ಚಿದ್ಳು.

"ಯಪ್ಪಾ," ಅಂದ್ಳು. ನಿಂತ್ಳು. ನನಗ ಗೊತ್ತಿತ್ತು, ಇನ್ನ ಮುಂದ ಹೋಗಂಗಿಲ್ಲ ಅಂತ. ಆದ್ರ ಹೋದ್ಳು.

"ಯಪ್ಪಾ, ಈಕಿನ್ನ ಕೈ ಬಿಡಬ್ಯಾಡ. ಈಕಿಗೆ ಹಿಂದಿಲ್ಲ ಮುಂದಿಲ್ಲ. ಬಾಯಿ ಜೋರು, ಒಳಗ ಇನ್ನೂ ಕೂಸು ಐತಿ. ನನ್ನ ಮಣ್ಣು ಎಲ್ಲೆರೆ ಆಗಲಿ. ಈಕಿಗೆ ಮನಿ ಇರಲಿ."

ಅಷ್ಟ. ಕಣ್ಣು ತಗೀಲಿಲ್ಲ, ಕೈ ಬಿಡಲಿಲ್ಲ, ಹಂಗ ನಿಂತ್ಳು. ನಾವೆಲ್ಲಾ ನಿಂತಲ್ಲೆ ನಿಂತ್ವಿ, ಕುಂತಲ್ಲೆ ಕುಂತ್ವಿ. ಸಭೆಯ ಹಿರಿಯಾಂವ, ಅಂವಾ ನೇಕಾರನ, ಹಿಂದಿಂದ ಮೆಲ್ಲಗ ಆಮೆನ್ ಅಂದ. ಆಮ್ಯಾಲ ಸಾಹೇಬ್ರು ದಫ್ತರ ತಗೊಂಡು, ಬರದಿದ್ದ ಸಾಲಿನ ಮ್ಯಾಲ ಗೀಟು ಹೊಡದ್ರು. "ನೀರನ್ನು ತನ್ನಿರಿ," ಅಂದ್ರು.

ದೀಕ್ಷಾಸ್ನಾನ ಆಗಿ ಹೊರಗ ಬಂದ್ವಿ, ಮುದುಕಿ ತಲಿ ತೊಯ್ದಿತ್ತು. ನಾ ಸೆರಗಿನಿಂದ ಒರಸಾಕತ್ತಿದ್ದೆ. ಆಕಿ ನನ್ನ ಕಿವಿ ಹತ್ರ ಬಂದು ಕೇಳಿದ್ಳು: "ನೀರು ಮೊದಲ ಹಾಕಿಬಿಟ್ರಲ್ಲವ್ವಾ. ಪ್ರಾರ್ಥನಿ ಯಾವಾಗ ಹೇಳಸ್ತಾರ? ನನಗ ಇನ್ನೂ ಬರಂಗಿಲ್ಲ."

ನನ್ನ ಖೋಲಿ ಹೋಗಲಿಲ್ಲ, ಕೆಲಸಾನೂ ಉಳೀತು; ಬಿಡೋದು ಬ್ಯಾಡ ಅಂತ ಸಾಹೇಬ್ರ ಅಂದ್ರು. ಆದ್ರ ಒಂದು ವರ್ಷ ಸಭೆಯೊಳಗ ಬಾಯಿ ತಗದು ಪ್ರಾರ್ಥನಿ ಮಾಡಬಾರದು ಅಂತ ಸಾಹೇಬ್ರು ಶಿಕ್ಷಾ ಹಾಕಿದ್ರು. ಮುದುಕಿ ಮಳಿಗಾಲಕ್ಕಿಂತ ಮೊದಲ ಹೋದ್ಳು. ಬೇವಿನ ಗಿಡದ ಬುಡಕ, ಮಗಳ ಮಗ್ಗಲಕ ಮಣ್ಣು ಮಾಡಿದ್ವಿ. ಅವತ್ತು ನಾ ಹಿಂದ ನಿಂತಿದ್ದೆ, ಹಿರಿಯಾಂವ ಪ್ರಾರ್ಥನಿ ಮಾಡಿದ. ವರ್ಷ ಮುಗದ ಮ್ಯಾಲ, ಈಗ ಮಾಡಬಹುದ್ರಿ ಬಾಯಾರ ಅಂತ ಎಲ್ಲಾರೂ ಒತ್ತಾಯ ಮಾಡಿದ್ರು. ನಾ ಒಲ್ಲೆ ಅಂದೆ. ಸೊಕ್ಕು ಅಂತ ಕೆಲವರು ಅಂದ್ರು, ಅನ್ನಲಿ ಅಂತ ಬಿಟ್ಟೆ.

ಈಗ ನನಗೂ ವಯಸ್ಸಾತು. ಮಧ್ಯಾಹ್ನ ಬಾಗಲಾ ಮುಚ್ಚಿ ಸುಮ್ನ ಕೂಡ್ತೇನಿ. ಒಮ್ಮೊಮ್ಮೆ ಆ ತಂದೆ ಇರ್ತಾನ, ಭಾಳ ಸಲ ಬರೇ ಗ್ವಾಡಿ ಇರತೈತಿ. ಎಳಿ ಜಾರತೈತಿ, ಮತ್ತ ಹಿಡೀತೇನಿ. ಗ್ವಾಡಿ ಅಷ್ಟ ಇದ್ದ ದಿನ ಆಕಿ ಭಾಳ ನೆನಪಾಗ್ತಾಳ, ಎದಿಯೊಳಗ ಖಾಲಿ ಖಾಲಿ ಅನಸತೈತಿ. ನಾ ಜಲ್ಮದಾಗ ಸಾವಿರಾರು ಮಂದಿ ಸಲುವಾಗಿ ಪ್ರಾರ್ಥನಿ ಮಾಡೇನಿ. ನನ್ನ ಹೆಸರು ಹಿಡದು ಹೆತ್ತಾಕಿ ಎಂದಾದ್ರೂ ಬೇಡಿಕೊಂಡಿದ್ಳೋ ಇಲ್ಲೋ ನನಗ ಗೊತ್ತಿಲ್ಲ. ನನ್ನ ಸಲುವಾಗಿ ಒಬ್ಬರು ದೇವರ ಮುಂದ ಬಾಯಿ ತಗದಿದ್ದನ್ನ ನಾ ಕಿವಿಯಾರೆ ಕೇಳಿದ್ದು ಅದೊಂದ ಸಲ. ಆ ಮುದುಕಿ ಬಾಯಿ ತಗದು ಪ್ರಾರ್ಥನಿ ಮಾಡಿದ್ದೂ ಅದೊಂದ ಸಲ.